ಅಪ್ಪನ ಜಾಗ ಖಾಲಿ ಇರಲಿಲ್ಲ

2006ರ ಬೇಸಿಗೆಯಲ್ಲಿ ನರಸಿಂಹರಾಜಪುರದ ಒಂದು ಕಲ್ಯಾಣ ಮಂಟಪದಲ್ಲಿ ನನ್ನ ಮದುವೆ ನಡೆಯಿತು. ಸರಿಯಾಗಿ ಮುಹೂರ್ತದ ಹೊತ್ತಿಗೆ ನಾನು ಹಸೆಮಣೆಯಿಂದ ಎದ್ದು ಹೋದೆ. ಆ ದಿನ ಅಲ್ಲಿದ್ದ ಎಷ್ಟೋ ಜನ ಇವತ್ತಿಗೂ ನನ್ನನ್ನು ಗುರುತಿಸುವುದು ಅದೊಂದೇ ಸಂಗತಿಯಿಂದ. ನಾನು ಯಾಕೆ ಎದ್ದೆ ಎನ್ನುವುದಕ್ಕೆ ಅವರಲ್ಲಿ ಬೇರೆ ಬೇರೆ ಕತೆಗಳಿವೆ. ಹುಡುಗ ಇಷ್ಟವಿರಲಿಲ್ಲ ಎಂದು ಕೆಲವರು, ಉಪವಾಸಕ್ಕೆ ತಲೆ ಸುತ್ತಿತು ಎಂದು ಇನ್ನು ಕೆಲವರು. ನಾನು ಯಾರನ್ನೂ ತಿದ್ದಲು ಹೋಗಿಲ್ಲ. ನನ್ನ ಮನೆಯ ವಿಷಯವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಸ್ವಭಾವ ನನ್ನದಲ್ಲ. ಈಗ ಒಂದು ಸಲ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮದು ಕೊಪ್ಪ. ನಾನು ಎರಡನೇ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವರದೊಂದು ಹಿಟ್ಟಿನ ಮಿಲ್ಲು ಇತ್ತು. ಕಾರ್ಯಗಳೆಲ್ಲ ಮುಗಿದ ಮೇಲೆ ಮಿಲ್ಲನ್ನು ಯಾರಿಗೆ ವಹಿಸುವುದು ಎಂದು ಗಂಡಸರು ಜಗಲಿಯಲ್ಲಿ ಕೂತು ಮಾತಾಡಿದರು. ಅಮ್ಮ ಒಳಗಿಂದ ಕೇಳಿಸಿಕೊಂಡಳು. ಮರುದಿನ ಬೆಳಿಗ್ಗೆ ಹೋಗಿ ಶಟರ್ ಎತ್ತಿದಳು. ಮೊದಮೊದಲು ಬೆಲ್ಟು ಜಾರುತ್ತಿತ್ತು, ಹಿಟ್ಟು ದಪ್ಪವಾಗುತ್ತಿತ್ತು, ಬೈಸಿಕೊಂಡದ್ದೂ ಇದೆ. ಆಮೇಲೆ ಸವೆದ ಬೀಸುವ ಕಲ್ಲಿಗೆ ಉಳಿಯಿಂದ ಕೆತ್ತಿ ಹಲ್ಲು ಹಾಕುವುದನ್ನೂ ಅವಳೇ ಕಲಿತಳು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಊರಲ್ಲಿ ಅದರ ಹೆಸರು ಸರೋಜಕ್ಕನ ಮಿಲ್ಲು ಎಂದೇ ಆಗಿತ್ತು.

ಶಾಲೆಯಲ್ಲಿ ಏನೇ ಆದರೂ ಮೇಷ್ಟ್ರು ಹೇಳುತ್ತಿದ್ದುದು ಒಂದೇ ಮಾತು, "ನಾಳೆ ಅಪ್ಪನ್ನ ಕರ್ಕೊಂಡು ಬಾ." ಅವರಿಗೆ ವಿಷಯ ಗೊತ್ತಿಲ್ಲದೆ ಅಲ್ಲ, ನಾಲಿಗೆಗೆ ಹಾಗೆ ಅಭ್ಯಾಸವಾಗಿತ್ತು. ನಾನು ಹೋಗಿ ಅಮ್ಮನಿಗೆ ಹಾಗೆಯೇ ಹೇಳುತ್ತಿದ್ದೆ. ಅವಳು ಮಿಲ್ಲಿನಿಂದ ನೇರ ಬರುತ್ತಿದ್ದಳು, ಹುಬ್ಬಿನಲ್ಲೂ ಕಿವಿಯ ಅಂಚಿನಲ್ಲೂ ರಾಗಿ ಹಿಟ್ಟು. ಮಕ್ಕಳು ನಗುತ್ತಿದ್ದರು. ಅಮ್ಮ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮೇಷ್ಟ್ರನ್ನು ಕೇಳುತ್ತಿದ್ದಳು, "ಹೇಳಿ ಸಾರ್, ಎಂತ ಮಾಡಿದ್ಲು?"

ನರಸಿಂಹರಾಜಪುರದಲ್ಲಿ ಜವಳಿ ಅಂಗಡಿ ಇಟ್ಟಿದ್ದ ದೊಡ್ಡಪ್ಪ ನಮ್ಮ ಪಾಲಿಗೆ ದೊಡ್ಡ ಆಸರೆಯಾಗಿದ್ದರು. ಇದನ್ನು ನಾನು ಮೊದಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅವರಿಗೆ ಅನ್ಯಾಯವಾಗುತ್ತದೆ. ಪ್ರತಿ ದೀಪಾವಳಿಗೂ ಬಸ್ಸಿನಲ್ಲಿ ಬಟ್ಟೆಯ ಗಂಟು ಹಿಡಿದುಕೊಂಡು ಬರುತ್ತಿದ್ದರು. ನನಗೆ ಜ್ವರ ಬಂದು ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಬೆಂಚಿನ ಮೇಲೆ ಮಲಗಿದ್ದವರು ಅವರೇ. ಅವರ ಬಾಯಲ್ಲಿ ಯಾವಾಗಲೂ ಒಂದೇ ಮಾತು, ನಾನೇ ನಿನ್ನ ಅಪ್ಪ ಅಂತ ತಿಳ್ಕೋ. ನಾನು ತಲೆಯಾಡಿಸುತ್ತಿದ್ದೆ. ಆದರೆ ಹಾಗೆಂದು ತಿಳಿದುಕೊಳ್ಳಲು ನನಗೆ ಯಾವತ್ತೂ ಸಾಧ್ಯವಾಗಲಿಲ್ಲ. ಅವರು ದೊಡ್ಡಪ್ಪ ಆಗಿದ್ದರು, ಅದೇ ನನಗೆ ಸಾಕಾಗಿತ್ತು.

ಡಿಗ್ರಿ ಮುಗಿಸಿ ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಲು ಮೈಸೂರಿಗೆ ಹೋದೆ. ಎರಡನೇ ವರ್ಷ ನಮ್ಮ ಮೇಡಂ ಒಂದು ಕೆಲಸ ಕೊಟ್ಟರು. ಎರಡು ಅಕ್ಷರ ಮೀರದ ಯಾವುದಾದರೂ ಒಂದು ಪದ ಹಿಡಿದು ಅದು ಯಾವ ಯಾವ ಭಾಷೆಯಲ್ಲಿ ಏನಾಗಿದೆ, ಎಲ್ಲಿಂದ ಬಂದಿದೆ ಎಂದು ಹುಡುಕಿ ಬರೆಯಬೇಕು. ಗೆಳತಿಯರು ನೀರು, ಊರು, ಕಲ್ಲು ಎಂದು ಆರಿಸಿಕೊಂಡರು. ನಾನು ಅಪ್ಪ ಎಂಬ ಪದ ತೆಗೆದುಕೊಂಡೆ. ಯಾಕೆ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ನಾನು ಹೇಳುತ್ತಲೂ ಇರಲಿಲ್ಲ.

ಹುಡುಕಾಟ ಶುರುವಾದದ್ದು ಹಾಸ್ಟೆಲಿನ ಕೋಣೆಯಲ್ಲೇ. ನನ್ನ ಜೊತೆಗಿದ್ದ ಕಾರ್ಕಳದ ಹುಡುಗಿ ಮನೆಗೆ ಫೋನ್ ಮಾಡುವಾಗಲೆಲ್ಲ "ಅಪ್ಪೇ" ಎಂದು ರಾಗ ಎಳೆಯುತ್ತಿದ್ದಳು. ಮಾತಾಡುತ್ತಿದ್ದುದು ತಾಯಿಯ ಜೊತೆ. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಘಟ್ಟ ಇಳಿದರೆ ಸಾಕು, ನಮ್ಮ ಎರಡು ದೊಡ್ಡ ಪದಗಳು ಜಾಗ ಬದಲಾಯಿಸಿಕೊಂಡು ಕೂತಿವೆ. ಎದುರು ಕೋಣೆಯ ಶಿವಮೊಗ್ಗದ ಹುಡುಗಿ ತನ್ನ ಅಕ್ಕನನ್ನು ಆಪಾ ಎನ್ನುತ್ತಿದ್ದಳು. ಉರ್ದುವಿನ ಆ ಪದ ತುರ್ಕಿ ಕಡೆಯಿಂದ ಬಂದದ್ದಂತೆ, ಅಲ್ಲಿ ಕೆಲವು ಕಡೆ ಅಕ್ಕ, ಕೆಲವು ಕಡೆ ತಾಯಿ. ತೆಲುಗಿನ ಹಳೆಯ ನಿಘಂಟಿನಲ್ಲಿ ಅಪ್ಪ ಎಂಬುದಕ್ಕೆ ತಂದೆ, ತಾಯಿ, ಅಕ್ಕ ಮೂರೂ ಅರ್ಥಗಳಿದ್ದವು. ಕೊರಿಯಾದ ಮಕ್ಕಳು ತಂದೆಯನ್ನು ನಮ್ಮ ಹಾಗೆಯೇ ಅಪ್ಪ ಎನ್ನುತ್ತಾರೆ. ಪಶ್ಚಿಮ ಏಷ್ಯಾದ ಹಳೆಯ ಭಾಷೆಯೊಂದರಲ್ಲಿ ಅಬ್ಬಾ. ಜಾರ್ಜಿಯಾ ದೇಶದಲ್ಲಿ ತಂದೆಗೆ ಮಾಮ ಎನ್ನುತ್ತಾರೆ ಎಂದು ಓದಿದಾಗ ನಾನೊಬ್ಬಳೇ ನಕ್ಕೆ. ಇನ್ನು ನಮ್ಮ ಹಬ್ಬದ ಅಪ್ಪ ಇದೆಯಲ್ಲ, ಬೆಲ್ಲ ಹಾಕಿ ಕಾವಲಿಯಲ್ಲಿ ಸುಡುವುದು, ಅದರ ಹುಟ್ಟು ಬೇರೆ. ಅದು ಸಂಸ್ಕೃತದ ಅಪೂಪದಿಂದ ಬಂತು ಎಂದು ಒಬ್ಬರು ಬರೆದರೆ, ಅಲ್ಲ, ಇಲ್ಲಿಯದೇ ಪದ ಎಂದು ಇನ್ನೊಬ್ಬರು.

ಎಲ್ಲ ಸೇರಿಸಿ ಇವುಗಳಿಗೆ ಒಂದೇ ಮೂಲ ಇರಬೇಕು ಎಂದು ಉತ್ಸಾಹದಲ್ಲಿ ಬರೆದುಕೊಂಡು ಹೋದೆ. ಮೇಡಂ ಆ ಸಾಲಿಗೆ ಕೆಂಪು ಗೀಟು ಎಳೆದರು. ಇವು ನೆಂಟರಲ್ಲ, ಮಗುವಿನ ತುಟಿ ಎಲ್ಲ ದೇಶದಲ್ಲೂ ಒಂದೇ ಥರ ಕೆಲಸ ಮಾಡುತ್ತದೆ ಅಷ್ಟೆ ಎಂದರು. ಹಸುಳೆ ತುಟಿ ಮುಚ್ಚಿ ತೆರೆದಾಗ ತಾನಾಗಿ ಹೊರಡುವ ಸದ್ದುಗಳು ಅಪ್ಪ, ಅಮ್ಮ, ಅಬ್ಬ. ಅದಕ್ಕೆ ಯಾರನ್ನೂ ಕರೆಯುವ ಉದ್ದೇಶ ಇರುವುದಿಲ್ಲ. ಸದ್ದು ಕೇಳಿ ಓಡಿ ಬಂದವರು ಅದು ತಮ್ಮ ಹೆಸರು ಎಂದುಕೊಳ್ಳುತ್ತಾರೆ. ಒಂದೊಂದು ಊರಿನಲ್ಲಿ ಒಬ್ಬೊಬ್ಬರು ಓಡಿ ಬಂದರು, ಅರ್ಥ ಹಾಗೆ ನಿಂತಿತು.

ನಾನು ಅದನ್ನು ಬರೆದುಕೊಂಡೆ. ಆದರೆ ಆ ದಿನವೆಲ್ಲ ಶಾಲೆಯ ಬಾಗಿಲಲ್ಲಿ ಹಿಟ್ಟು ಮೆತ್ತಿದ ಹುಬ್ಬಿನವಳು ನಿಂತಂತೆ ಕಾಣುತ್ತಿತ್ತು.

ಎಂ.ಎ. ಮುಗಿಸಿ ಬಂದು ಕೊಪ್ಪದ ಒಂದು ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕಿಯಾದೆ. ಮರುವರ್ಷ ಸಂಬಂಧ ಕೂಡಿಬಂತು. ಹುಡುಗನ ಹೆಸರು ಸುಧಾಕರ, ಊರು ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆ, ಬಾಳೆಹೊನ್ನೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ನನಗಿಂತ ಕಡಿಮೆ ಮಾತಿನವರು ಇದ್ದಾರೆ ಎಂದು ಅವರನ್ನು ನೋಡಿದ ಮೇಲೆ ಗೊತ್ತಾಯಿತು.

ಮದುವೆಯ ಮಾತುಕತೆ ದೊಡ್ಡಪ್ಪನ ಮನೆಯಲ್ಲಿ ನಡೆಯಿತು. ಮಂಟಪ, ಅಡಿಗೆಯವರು, ವಾಲಗ ಎಲ್ಲ ನಿಶ್ಚಯವಾಯಿತು. ಧಾರೆಯ ವಿಷಯ ಬಂದಾಗ ಯಾರೂ ಚರ್ಚಿಸಲಿಲ್ಲ, ಅದು ಚರ್ಚೆಯ ವಿಷಯವೇ ಆಗಿರಲಿಲ್ಲ. ನಮ್ಮ ಕಡೆ ಗಂಡುಹೆಣ್ಣಿನ ಕೈ ಸೇರಿಸಿ, ಮೇಲೆ ತೆಂಗಿನಕಾಯಿ ಇಟ್ಟು, ಹುಡುಗಿಯ ಅಪ್ಪ ಅಮ್ಮ ಗಿಂಡಿಯಿಂದ ಹಾಲು ಎರೆಯುತ್ತಾರೆ. ಮಗಳನ್ನು ಕೊಟ್ಟೆವು ಎಂಬುದಕ್ಕೆ ಅದೇ ಗುರುತು. ಆಮೇಲೆ ನೆಂಟರೆಲ್ಲ ಸಾಲಾಗಿ ಬಂದು ಎರೆಯುತ್ತಾರೆ. ಅಪ್ಪ ಇಲ್ಲದ ಹುಡುಗಿಗೆ ದೊಡ್ಡಪ್ಪ ದೊಡ್ಡಮ್ಮ, ಇಲ್ಲವೇ ಚಿಕ್ಕಪ್ಪ ಚಿಕ್ಕಮ್ಮ ಎರೆಯುವುದು ವಾಡಿಕೆ. ಗಂಡ ಇಲ್ಲದ ತಾಯಿ ಮಂಟಪ ಹತ್ತುವುದಿಲ್ಲ. ಹಾಗೆಂದು ಅವಳನ್ನು ಯಾರೂ ಹೊರಗೆ ಕಳಿಸುವುದಿಲ್ಲ. ಅವಳಿಗೆ ಉಗ್ರಾಣದ ಬೀಗದ ಕೈ ಕೊಡುತ್ತಾರೆ. ತೆಂಗಿನಕಾಯಿ, ಬೆಲ್ಲ, ಬಾಳೆಹಣ್ಣು, ತುಪ್ಪ ಎಲ್ಲ ಇರುವ ಕೋಣೆ. ನಂಬಿಕೆಯವರಿಗೆ ಮಾತ್ರ ಕೊಡುವ ಕೆಲಸ ಎಂದು ಅದಕ್ಕೊಂದು ಗೌರವವೂ ಇದೆ. ಮಂಗಳವಾದ್ಯ ಜೋರಾಗುವಾಗ ಅವಳು ಗೋಡೆಯ ಆಚೆ ಬೆಲ್ಲ ತೂಗುತ್ತಿರುತ್ತಾಳೆ.

"ಉಗ್ರಾಣ ಸರೋಜಂಗೆ," ಎಂದರು ದೊಡ್ಡಮ್ಮ. ಅಮ್ಮ ಆಗಲಿ ಎಂದಳು.

ನಾನು ಧಾರೆಯನ್ನು ಅಮ್ಮನೇ ಎರೆಯಬೇಕು ಎಂದೆ. ಮೊದಲು ಬೇಡ ಎಂದವಳು ಅಮ್ಮನೇ. ಆಮೇಲೆ ದೊಡ್ಡಪ್ಪ ಸಮಾಧಾನದಲ್ಲೇ ತಿಳಿಹೇಳಿದರು. ಅಪ್ಪನ ಸ್ಥಾನದಲ್ಲಿ ಒಬ್ಬರು ಬೇಕಾಗುತ್ತದೆ, ಅದಕ್ಕೆ ನಾನಿದ್ದೇನೆ, ನೀನು ಓದಿದವಳು, ಅರ್ಥ ಮಾಡಿಕೋ ಎಂದರು. ಓದಿದವಳು ಎಂದದ್ದಕ್ಕೆ ನಾನು ಓದಿದ್ದನ್ನೇ ಹೇಳಿದೆ. ಅಪ್ಪ ಎಂಬ ಪದಕ್ಕೆ ಒಂದೇ ಅರ್ಥ ಇಲ್ಲ, ಕಾರ್ಕಳದಲ್ಲಿ ತಾಯಿ, ಶಿವಮೊಗ್ಗದಲ್ಲಿ ಅಕ್ಕ, ಕೊರಿಯಾದಲ್ಲಿ ಹೀಗೆ, ಆಂಧ್ರದಲ್ಲಿ ಹಾಗೆ. ಮಾತು ಬಾಯಿಂದ ಹೊರಟ ಕೂಡಲೇ ಅದು ಎಷ್ಟು ಕೆಲಸಕ್ಕೆ ಬಾರದ ಮಾತು ಎಂದು ನನಗೇ ಗೊತ್ತಾಯಿತು.

ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತ ಪೂರ್ತಿ ಕೇಳಿಸಿಕೊಂಡರು. "ಕೊರಿಯಾದಲ್ಲಿ ಎಂತಾದ್ರೂ ಆಗ್ಲಿ ಮಾರಾಯ್ತಿ. ಎನ್.ಆರ್. ಪುರದಲ್ಲಿ ಅಪ್ಪ ಅಂದ್ರೆ ಅಪ್ಪನೇ."

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ನಾನು ಮತ್ತೆ ಬಾಯಿ ಬಿಡಲಿಲ್ಲ. ಸುಮ್ಮನಿದ್ದರೆ ಒಪ್ಪಿದ ಹಾಗೆ ಎಂಬುದು ನಮ್ಮಲ್ಲಿಯ ಲೆಕ್ಕ. ಅವರು ಹಾಗೆಯೇ ತಿಳಿದುಕೊಂಡರು.

ಕೊಪ್ಪಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ನನ್ನ ಕೈ ಹಿಡಿದುಕೊಂಡಿದ್ದಳು. ಅರ್ಧ ದಾರಿ ದಾಟಿದ ಮೇಲೆ ಒಂದು ಮಾತು ಹೇಳಿದಳು. ತನಗೆ ಆಸೆ ಇಲ್ಲ ಎಂದಲ್ಲ, ಹೆದರಿಕೆ. ತಾನು ಎರೆದು, ನಾಳೆ ನನಗೋ ಸುಧಾಕರ ಅವರಿಗೋ ಸಣ್ಣದೊಂದು ತೊಂದರೆ ಬಂದರೂ, ಜನರ ಮಾತು ಹಾಗಿರಲಿ, ತನ್ನ ಮನಸ್ಸೇ ತನ್ನನ್ನು ಬಿಡುವುದಿಲ್ಲ. ಮಿಲ್ಲಿನ ಬೆಲ್ಟಿಗೆ ಹೆದರದವಳು ಒಂದು ಗಿಂಡಿ ಹಾಲಿಗೆ ಹೆದರುವಂತೆ ಅವಳನ್ನು ಯಾರು ಮಾಡಿದರು ಎಂದು ನನಗೆ ಮೈಯೆಲ್ಲ ಉರಿಯಿತು. ಅಮ್ಮನ ಮೇಲಲ್ಲ. ಯಾರ ಮೇಲೆ ಎಂದು ಬೆರಳು ಮಾಡಿ ತೋರಿಸಲು ಒಬ್ಬರೂ ಸಿಗಲಿಲ್ಲ, ಅದಕ್ಕೇ ಇನ್ನಷ್ಟು ಉರಿಯಿತು.

ಸುಧಾಕರ ಅವರಿಗೆ ಫೋನಿನಲ್ಲಿ ಇಷ್ಟನ್ನೇ ಹೇಳಿದೆ, ಅಮ್ಮ ಬಾರದೆ ನಾನು ಕೈ ಚಾಚುವುದಿಲ್ಲ. ಅವರು ತುಸು ಯೋಚಿಸಿ, "ಆಯ್ತು. ನಂಗೆ ಮೊದಲೇ ಹೇಳಿದ್ದು ಒಳ್ಳೇದಾಯ್ತು," ಎಂದರು. ಅದಕ್ಕಿಂತ ಹೆಚ್ಚು ನಾನೂ ಕೇಳಲಿಲ್ಲ.

ಮದುವೆಯ ದಿನ ಬೆಳಿಗ್ಗೆ ಅಮ್ಮನನ್ನು ನಾನು ಕಂಡದ್ದು ಒಂದೇ ಗಳಿಗೆ. ಹೊಸ ಸೀರೆಯ ಸೆರಗಿಗೆ ಉಗ್ರಾಣದ ಬೀಗದ ಕೈ ಕಟ್ಟಿಕೊಂಡು ಅಡಿಗೆಯವರ ಜೊತೆ ಏನೋ ವಾದಿಸುತ್ತಿದ್ದಳು. ನನ್ನನ್ನು ದೂರದಿಂದಲೇ ನೋಡಿ, ಬಾಸಿಂಗ ಓರೆಯಾಗಿದೆ ಎಂದು ಸನ್ನೆ ಮಾಡಿದಳು. ಹತ್ತಿರ ಬಂದು ಸರಿ ಮಾಡಲಿಲ್ಲ. ಬೇರೆ ಯಾರೋ ಬಂದು ಸರಿ ಮಾಡಿದರು.

ಮುಹೂರ್ತ ಹತ್ತಿರವಾಯಿತು. ಅಂತರಪಟ ಸರಿಸಿ, ಮಾಲೆ ಹಾಕಿಸಿ, ಭಟ್ಟರು ಹುಡುಗಿಯ ಕಡೆಯವರು ಬರಲಿ ಎಂದರು. ದೊಡ್ಡಪ್ಪ ರೇಷ್ಮೆ ಪಂಚೆಯಲ್ಲಿ, ದೊಡ್ಡಮ್ಮ ಕೈಯಲ್ಲಿ ಗಿಂಡಿ ಹಿಡಿದು ಎದುರಿಗೆ ಬಂದು ನಿಂತರು. ಸುಧಾಕರ ಅಂಗೈ ಚಾಚಿದರು. ನಾನು ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ.

ನಾಚಿಕೆ ಎಂದುಕೊಂಡ ಭಟ್ಟರು ಮೆಲ್ಲಗೆ, "ಕೈ ಮುಂದೆ ಕೊಡಮ್ಮ," ಎಂದರು. ಅಮ್ಮ ಬರಲಿ ಎಂದೆ. ಅವರು ದೊಡ್ಡಮ್ಮನ ಕಡೆ ನೋಡಿ, ಬಂದಿದ್ದಾರಲ್ಲ ಎಂದರು. ಇವರು ದೊಡ್ಡಮ್ಮ ಎಂದೆ.

ವಾಲಗದವರು ಸನ್ನೆಗೆ ಕಾಯುತ್ತಿದ್ದರು, ಡೋಲಿನವನ ಕೋಲು ಅಲ್ಲೇ ನಿಂತಿತ್ತು. ದೊಡ್ಡಪ್ಪ ಬಗ್ಗಿ ನನ್ನ ಕಿವಿಯ ಹತ್ತಿರ, ಹಟ ಮಾಡುವ ಹೊತ್ತಲ್ಲ ಪುಟ್ಟಿ, ಸಭೆ ನೋಡುತ್ತಿದೆ ಎಂದರು. ಸಭೆ ನೋಡುತ್ತಿದ್ದುದು ನಿಜ. ಜೀವನದಲ್ಲಿ ಅಷ್ಟು ಕಣ್ಣುಗಳು ನನ್ನ ಮೇಲೆ ಒಟ್ಟಿಗೆ ಬಿದ್ದದ್ದಿಲ್ಲ. ತರಗತಿಯಲ್ಲಿ ಮೊದಲ ದಿನ ಹಾಜರಿ ಪುಸ್ತಕದಿಂದ ತಲೆಯನ್ನೇ ಎತ್ತದವಳು ನಾನು. ಅಲ್ಲೇ ಕೂತಿದ್ದರೆ ಸೋಲುತ್ತೇನೆ ಎನ್ನಿಸಿತು. ಯಾರಾದರೂ ನನ್ನ ಕೈಯನ್ನು ಪ್ರೀತಿಯಿಂದಲೇ ಹಿಡಿದು ಮುಂದಕ್ಕೆ ಚಾಚಿಸುತ್ತಾರೆ, ಹಾಲು ಬೀಳುತ್ತದೆ, ಡೋಲು ಬಡಿಯುತ್ತದೆ, ಮುಗಿಯುತ್ತದೆ.

ಎದ್ದೆ. ಮಂಟಪದ ಮೆಟ್ಟಿಲು ಇಳಿದು, ಕುರ್ಚಿಗಳ ನಡುವೆ ಹಾದು, ಊಟದ ಮನೆಯ ಪಕ್ಕದ ಉಗ್ರಾಣಕ್ಕೆ ಹೋದೆ. ಹಿಂದೆ ಗುಜುಗುಜು ಎದ್ದದ್ದು ಕೇಳುತ್ತಿತ್ತು, ತಿರುಗಿ ನೋಡಲಿಲ್ಲ.

ಅಮ್ಮ ತೆಂಗಿನಕಾಯಿ ರಾಶಿಯ ಪಕ್ಕ ಮಣೆ ಹಾಕಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತು.

"ಹಸೆಮಣೆ ಬಿಟ್ಟು ಎದ್ದು ಬಂದ್ಯೇನೆ?"

ಹೌದು ಎಂದು ಸಕ್ಕರೆ ಚೀಲದ ಮೇಲೆ ಕೂತೆ. ಅವಳು ಬಂದರೆ ಹೋಗೋಣ, ಇಲ್ಲದಿದ್ದರೆ ನಾನು ಇಲ್ಲೇ ಇರುವುದು ಎಂದೆ.

"ಏಳೇ, ಸೀರೆ ಹಾಳಾಗ್ತದೆ."

"ಆಗ್ಲಿ."

"ನಿಂಗೆ ಈ ಹಟ ಎಲ್ಲಿಂದ ಬಂತು ಮಾರಾಯ್ತಿ?"

"ಮಿಲ್ಲಿಂದ," ಎಂದೆ.

ಅವಳು ಬೇಡಿಕೊಂಡಳು, ಗದರಿದಳು, ಕೊನೆಗೆ ಅಳು ಬಂದು ಸೆರಗು ಬಾಯಿಗೆ ಒತ್ತಿಕೊಂಡಳು. ನನಗೂ ಅಳು ಬರುತ್ತಿತ್ತು. ಆದರೆ ಅತ್ತರೆ ಯಾರೋ ಬಂದು ನಮ್ಮಿಬ್ಬರನ್ನೂ ಸಮಾಧಾನ ಮಾಡಿ ಒಬ್ಬೊಬ್ಬರನ್ನು ಒಂದೊಂದು ಕಡೆ ಕರೆದುಕೊಂಡು ಹೋಗುತ್ತಾರೆ ಎಂದು ಹಲ್ಲು ಕಚ್ಚಿ ಕೂತೆ. ಅವಳಿಗೆ ಇಷ್ಟು ಹೇಳಿದೆ: "ನನ್ನನ್ನ ಬೆಳೆಸಿದ್ದು ನೀನು. ಕೊಡೋದಾದ್ರೆ ನೀನೇ ಕೊಡು. ಬೇರೆಯವರ ಕೈಯಿಂದ ಕೊಡಿಸ್ಬೇಡ."

ಆಗಲೇ ಬಾಗಿಲಲ್ಲಿ ದೊಡ್ಡಪ್ಪ ಬಂದು ನಿಂತರು. ಅವರ ಹಿಂದೆ ದೊಡ್ಡಮ್ಮ, ಅವರ ಹಿಂದೆ ಪೇಟ ಬಾಸಿಂಗದ ಸಮೇತ ಸುಧಾಕರ. ಮದುಮಗ ಒಳಗೆ ಇಣುಕಿ, ಅಕ್ಕಿ ಮೂಟೆಯ ಮೇಲೆ ಒಂದು ಜಾಗ ನೋಡಿಕೊಂಡು, ಯಾರನ್ನೂ ಕೇಳದೆ ಬಂದು ಕೂತುಬಿಟ್ಟರು. ಮದುವೆಯಾಗಿ ಇಷ್ಟು ಕಾಲವಾದ ಮೇಲೂ ಅವರ ಮೇಲೆ ನನಗೆ ಸಿಟ್ಟು ಬಂದರೆ ಆ ಮೂಟೆಯನ್ನು ನೆನಪಿಸಿಕೊಳ್ಳುತ್ತೇನೆ.

ದೊಡ್ಡಪ್ಪನ ಮುಖದಲ್ಲಿ ಸಿಟ್ಟಿಗಿಂತ ನೋವು ಹೆಚ್ಚು ಕಾಣುತ್ತಿತ್ತು. ಇಷ್ಟು ವರ್ಷ ತಾನು ಯಾರಾಗಿದ್ದೆ ಎಂದು ಕೇಳಿದರು. ಆಸ್ಪತ್ರೆಯ ಬೆಂಚು, ದೀಪಾವಳಿಯ ಬಟ್ಟೆ ಯಾವುದನ್ನೂ ಅವರು ಎತ್ತಲಿಲ್ಲ. ಎತ್ತಲಿಲ್ಲ ಎಂಬುದೇ ನನಗೆ ಕಷ್ಟವಾಯಿತು. ನೀವು ದೊಡ್ಡಪ್ಪ ಆಗಿದ್ದಿರಿ, ನಿಮ್ಮಂಥ ದೊಡ್ಡಪ್ಪ ಯಾರಿಗೂ ಇಲ್ಲ ಎಂದೆ. ಅವರಿಗೆ ಅದು ಸಾಲಲಿಲ್ಲ.

"ಅಪ್ಪನ ಜಾಗದಲ್ಲಿ ನಿಲ್ಲೋಕೆ ಒಬ್ಬ ಬೇಡ್ವೇನೇ?"

"ಆ ಜಾಗ ಖಾಲಿ ಇಲ್ಲ ದೊಡ್ಡಪ್ಪ. ಅಪ್ಪನ ಕಾರ್ಯ ಮುಗಿದ ಮಾರನೇ ದಿನದಿಂದ ಅಮ್ಮ ಅಲ್ಲೇ ನಿಂತಿದಾಳೆ."

ಅಷ್ಟರಲ್ಲಿ ಅಡಿಗೆಯವನೊಬ್ಬ ಜನರ ಸಂದಿಯಲ್ಲಿ ತೂರಿಕೊಂಡು ಬಂದು, ಹೊರಗೆ ಏನಾಗಿದೆ ಎಂಬ ಗೊಡವೆಯೇ ಇಲ್ಲದವನಂತೆ, ಪಾಯಸಕ್ಕೆ ಬೆಲ್ಲ ಸಾಲದು ಎಂದು ಪಾತ್ರೆ ಚಾಚಿದ. ಅಮ್ಮ ಎದ್ದಳು. ಎಂದಿನಂತೆ ಅಚ್ಚು ಬೆಲ್ಲ ತೆಗೆದು ಕೊಟ್ಟಳು, ಏಲಕ್ಕಿ ಈಗಲೇ ಒಯ್ದುಬಿಡು, ಮತ್ತೆ ಬರಬೇಡ ಎಂದಳು. ಅವನು ಹೋದ ಮೇಲೆ ಮೂಲೆಯ ಬಕೆಟ್ಟಿನಲ್ಲಿ ಕೈ ತೊಳೆದಳು, ಮುಖವನ್ನೂ ತೊಳೆದಳು. ರಾಶಿಯಿಂದ ಒಂದು ತೆಂಗಿನಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಇಟ್ಟಳು, ಇನ್ನೊಂದನ್ನು ತೆಗೆದುಕೊಂಡಳು. ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ದೊಡ್ಡಪ್ಪನ ಮುಂದೆ ಹಿಡಿದಳು.

"ಭಾವ, ನಾನು ಬರೋವರೆಗೆ ಉಗ್ರಾಣ ನೀವು ನೋಡ್ಕೊಳ್ಳಿ."

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಮಿಲ್ಲಿನಲ್ಲಿ ಕೆಲಸದವರಿಗೆ ಹೇಳುವ ಹಾಗೆ, ಆಗಬೇಕಾದ ಕೆಲಸ ಹೇಳಿದಳು ಅಷ್ಟೆ. ದೊಡ್ಡಪ್ಪ ಬೀಗದ ಕೈಯನ್ನು ನೋಡುತ್ತ ನಿಂತರು. ದೊಡ್ಡಮ್ಮ ಗಿಂಡಿಯನ್ನು ಚೀಲದ ಮೇಲೆ ಇಟ್ಟು, ಏನಾದರೂ ಆದರೆ ನಮ್ಮನ್ನು ಕೇಳಬೇಡಿ ಎಂದು ಊಟದ ಮನೆಗೆ ಹೊರಟುಹೋದರು. ಗಂಡಿನ ತಂದೆಯನ್ನು ಯಾರೋ ಕರೆತಂದಿದ್ದರು. ಅವರು ಬಾಗಿಲಿಗೆ ಒರಗಿ ನಿಂತು ಎಲ್ಲ ನೋಡಿ, ಎರೆಯುವವರು ಯಾರು ಎಂಬುದು ಹೆಣ್ಣಿನ ಮನೆಯ ತೀರ್ಮಾನ, ತಮಗೆ ಊಟದ ಹೊತ್ತಿಗೆ ಮುಗಿದರೆ ಸಾಕು ಎಂದರು. ಭಟ್ಟರು ಗಡಿಯಾರ ನೋಡಿ, ಮುಹೂರ್ತ ಇನ್ನೂ ಇದೆ, ಆದರೆ ಮಾತಾಡುವಷ್ಟು ಇಲ್ಲ ಎಂದರು.

ಅಮ್ಮ ಗಿಂಡಿ ಎತ್ತಿಕೊಂಡಳು.

ಮಂಟಪಕ್ಕೆ ನಾವು ವಾಪಸು ನಡೆದು ಬಂದದ್ದು ನನಗೆ ಸರಿಯಾಗಿ ನೆನಪಿಲ್ಲ. ಮೆಟ್ಟಿಲ ಹತ್ತಿರ ಅಮ್ಮ ಒಂದು ಕ್ಷಣ ನಿಂತಳು, ಚಪ್ಪಲಿ ಬಿಡುವವಳ ಹಾಗೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಆಮೇಲೆ ಹತ್ತಿದಳು. ನಾನು ಕೈ ಚಾಚಿದೆ. ಮೇಲಿನಿಂದ ಬಿದ್ದ ಹಾಲು ತಣ್ಣಗಿತ್ತು. ಕಲ್ಲಿಗೆ ಹಲ್ಲು ಹಾಕಿ ಹಾಕಿ ದಪ್ಪಗಾದ ಆ ಬೆರಳುಗಳು ಗಿಂಡಿಯನ್ನು ಓರೆಯಾಗಿ ಹಿಡಿದಿದ್ದವು, ಹಾಲು ಕಾಯಿಯ ಮೇಲೂ ಬಿತ್ತು, ನನ್ನ ಮೊಣಕೈ ಮೇಲೂ ಬಿತ್ತು. ಡೋಲು ಕಿವಿ ಒಡೆಯುವ ಹಾಗೆ ಬಡಿಯಿತು.

ಭಟ್ಟರು, ಇನ್ನು ಉಳಿದವರು ಬನ್ನಿ ಎಂದು ಕರೆದರು. ಯಾರೂ ಬರಲಿಲ್ಲ. ಸಾಮಾನ್ಯವಾಗಿ ನೂಕುನುಗ್ಗಲು ಆಗುವ ಹೊತ್ತು ಅದು. ಮುಂದಿನ ಸಾಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತೇ ಇದ್ದರು. ಅಮ್ಮನ ಕೈಯಿಂದ ಗಿಂಡಿ ತೆಗೆದುಕೊಂಡರೆ 'ಅದು' ತಮಗೂ ಅಂಟುತ್ತದೆ ಎಂಬ ಹಾಗೆ. ಅಮ್ಮ ಗಿಂಡಿ ಹಿಡಿದು ಒಬ್ಬಳೇ ನಿಂತಿದ್ದಳು. ಅವಳನ್ನು ಇಲ್ಲಿಗೆ ಕರೆತಂದು ಇಷ್ಟು ಜನರ ಮುಂದೆ ಹೀಗೆ ನಿಲ್ಲಿಸಿದೆನಲ್ಲ ಎಂದುಕೊಂಡೆ. ಅಮ್ಮ ಮಾತ್ರ ತಲೆ ತಗ್ಗಿಸಲಿಲ್ಲ. ಸಭೆಯನ್ನು ನೇರ ನೋಡಿಕೊಂಡು ನಿಂತಿದ್ದಳು, ನಿಮ್ಮ ಸರದಿ, ಯಾರು ಬರುತ್ತೀರಿ ಎಂದು ಕೇಳುವವಳ ಹಾಗೆ.

ಕೊನೆಗೆ ಬಂದವರು ದೊಡ್ಡಪ್ಪ. ಅವರು ಯಾವಾಗ ಉಗ್ರಾಣಕ್ಕೆ ಬೀಗ ಹಾಕಿ ಬಂದರೋ ಗೊತ್ತಿಲ್ಲ. ಮೆಟ್ಟಿಲು ಹತ್ತಿ, ಅಮ್ಮನ ಕೈಯಿಂದ ಗಿಂಡಿ ತೆಗೆದುಕೊಂಡು ಒಳಗೆ ಇಣುಕಿ ನೋಡಿದರು.

"ಇಷ್ಟೇ ಎರೆದ್ಯಾ ಸರೋಜ? ಮಿಲ್ಲಲ್ಲಿ ಹಿಟ್ಟು ಅಳೆದ ಹಾಗೆ."

ಅವರು ಎರೆದರು. ಕಣ್ಣು ಕೆಂಪಗಾಗಿದ್ದವು, ನನ್ನ ಮುಖ ನೋಡಲಿಲ್ಲ. ಅವರ ಹಿಂದೆ ಅವರ ಜವಳಿ ಅಂಗಡಿಯ ಪಾಲುದಾರರು ಬಂದರು, ಪಾಲುದಾರರ ಹೆಂಡತಿ ಬಂದರು, ಆಮೇಲೆ ಎಂದಿನಂತೆ ನೂಕುನುಗ್ಗಲು. ದೊಡ್ಡಮ್ಮ ಬರಲಿಲ್ಲ. ಊಟಕ್ಕೂ ಕೂರಲಿಲ್ಲ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆಯಬಹುದಿತ್ತು. ಹಾಗಾಗಲಿಲ್ಲ. ಎರಡು ವರ್ಷದ ಮೇಲೆ ಹರಿಹರಪುರದ ತಿರುವಿನಲ್ಲಿ ಸುಧಾಕರ ಅವರ ಸ್ಕೂಟರ್ ಜಾರಿ ಕಾಲಿನ ಮೂಳೆ ಮುರಿಯಿತು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ನೋಡಲು ಬಂದ ದೊಡ್ಡಮ್ಮ ಮಂಚದ ಪಕ್ಕ ನಿಂತು, ಅಮ್ಮನಿಗೆ ಕೇಳುವ ಹಾಗೆಯೇ, ಅವತ್ತೇ ಹೇಳಿದ್ದೆ ಎಂದರು. ಅಮ್ಮ ಕಿತ್ತಳೆ ಸುಲಿಯುತ್ತಿದ್ದಳು, ಕೈ ನಿಂತಿತು. ಬಸ್ಸಿನಲ್ಲಿ ಅವಳು ಹೇಳಿದ್ದ ಹೆದರಿಕೆ ಮುಖಕ್ಕೆ ಬಂದು ಕೂತದ್ದನ್ನು ನಾನು ನೋಡಿದೆ. ನಾನು ದೊಡ್ಡಮ್ಮನಿಗೆ, ತಿರುವಿನಲ್ಲಿ ಲಾರಿಯವರು ಮರಳು ಚೆಲ್ಲಿದ್ದರು, ಆ ಲಾರಿಯವರ ಮದುವೆಯಲ್ಲಿ ಧಾರೆ ಯಾರು ಎರೆದಿದ್ದರು ಎಂದು ವಿಚಾರಿಸೋಣವೇ ಎಂದೆ. ಮಂಚದ ಮೇಲೆ ಮಲಗಿದ್ದವರು ಅಷ್ಟು ನೋವಿನಲ್ಲೂ ನಕ್ಕರು. ದೊಡ್ಡಮ್ಮ ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ. ದೊಡ್ಡಪ್ಪ ಮಾತ್ರ ಈಗಲೂ ಫೋನ್ ಮಾಡುತ್ತಾರೆ.

ಅಮ್ಮ ಆ ಮಾತಿನಿಂದ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾದವು. ಕಾಲು ಕೂಡಿಕೊಂಡು ಅಳಿಯ ಮೊದಲ ಸಲ ಕೋಲಿಲ್ಲದೆ ಮಿಲ್ಲಿಗೆ ನಡೆದು ಬಂದ ದಿನ ಅವಳು ಯಂತ್ರ ನಿಲ್ಲಿಸಿ, ಹೊರಗೆ ಬಂದು, ಅವರ ಕಾಲನ್ನೇ ಬಹಳ ಹೊತ್ತು ನೋಡಿದಳು. ಮತ್ತೆ ಒಳಗೆ ಹೋಗಿ ಯಂತ್ರ ಹಾಕಿದಳು.

ಈಗ ಅದೆಲ್ಲ ನೆನೆದಾಗ ಮದುವೆಯ ಸಂತೋಷಕ್ಕಿಂತ ಮೊದಲು ಆ ಸಿಟ್ಟೇ ನೆನಪಾಗುತ್ತದೆ. ಅದು ಆರಲಿ ಎಂದು ನಾನು ಬಯಸಿಯೂ ಇಲ್ಲ. ಒಬ್ಬರನ್ನು ಪಕ್ಕಕ್ಕೆ ಕೂರಿಸಲು ದ್ವೇಷವೇ ಬೇಕಿಲ್ಲ, ಪ್ರೀತಿಯಿಂದ, ಗೌರವದಿಂದ, ಕೈಗೊಂದು ಕೆಲಸ ಕೊಟ್ಟೇ ಕೂರಿಸಬಹುದು ಎಂದು ಅವತ್ತು ಕಂಡೆ. ಪ್ರೀತಿಯಿಂದ ಮಾಡಿದರು ಎಂಬ ಕಾರಣಕ್ಕೆ ಅದನ್ನು ಒಪ್ಪಿಕೊಳ್ಳಬೇಕಾಗಿಲ್ಲ. ಇನ್ನೊಮ್ಮೆ ಅಂಥ ಪ್ರಸಂಗ ಬಂದರೂ ನಾನು ಏಳುತ್ತೇನೆ. ಮುಹೂರ್ತದವರೆಗೆ ಕಾಯುವುದಿಲ್ಲ, ಅಷ್ಟೆ.